ನಿದ್ದೆಯಲ್ಲಿ ಉಸಿರು ಕಟ್ಟುವ ಮಗು

ನನ್ನ ಮಗಳು ಕಾಲು ಮಡಚಿ ಕೂತು, ಮುಂದಕ್ಕೆ ಬಾಗಿ, ಹಾಸಿಗೆಗೆ ಹಣೆ ಹಚ್ಚಿ ನಿದ್ದೆ ಮಾಡುತ್ತಿದ್ದಳು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮೈ ಮೆತ್ತಗೆ, ಹೇಗೆ ಬೇಕಾದರೂ ಮಡಚಿಕೊಳ್ಳುತ್ತದೆ ಎನ್ನುತ್ತಿದ್ದರು ನೋಡಿದವರು. ಮೈ ಮೆತ್ತಗಿದ್ದದ್ದು ನಿಜ. ಹಾಗೆ ಮಲಗುತ್ತಿದ್ದದ್ದು ಮಾತ್ರ ಉಸಿರಿಗಾಗಿ.

ಈ ಮಕ್ಕಳ ಮುಖದ ನಡುಭಾಗ ಚಿಕ್ಕದು. ಬಾಯೊಳಗಿನ ಜಾಗಕ್ಕೆ ನಾಲಿಗೆ ದೊಡ್ಡದಾಗುತ್ತದೆ, ಗಂಟಲಿನ ಸ್ನಾಯುಗಳೂ ಸಡಿಲ. ಅಂಗಾತ ಮಲಗಿ ನಿದ್ದೆ ಹತ್ತಿದರೆ ನಾಲಿಗೆ ಹಿಂದಕ್ಕೆ ಜಾರಿ ಗಾಳಿಯ ದಾರಿ ಕಟ್ಟುತ್ತದೆ. ಟಾನ್ಸಿಲ್, ಅಡಿನಾಯ್ಡ್ ದಪ್ಪಗಿದ್ದರೆ ಇನ್ನೂ ಕಷ್ಟ. ಆಮ್ಲಜನಕ ಇಳಿಯುತ್ತಲೇ ಮಿದುಳು ಅರೆ ಎಚ್ಚರಗೊಂಡು ಉಸಿರು ಎಳೆಸುತ್ತದೆ. ರಾತ್ರಿಯಿಡೀ ಇದೇ ಪಾಡು. ಸ್ಲೀಪ್ ಅಪ್ನಿಯಾ ಎನ್ನುವ ಈ ತೊಂದರೆ ಡೌನ್ ಸಿಂಡ್ರೋಮ್ ಇರುವ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಾಣುತ್ತದೆ. ಹೃದಯದಲ್ಲಿ ರಂಧ್ರವೂ ಇರುವ ಮಕ್ಕಳಿಗೆ ಶ್ವಾಸಕೋಶದ ರಕ್ತದೊತ್ತಡ ಏರುವ ಅಪಾಯ ಬೇರೆ.

"ಗೊರಕೆ ಹೊಡೀತಿದೆ, ಪಾಪ, ಒಳ್ಳೆ ನಿದ್ದೆ" ಎನ್ನುತ್ತಿದ್ದರು ಅತ್ತೆ. ಬೆಳಗ್ಗೆ ದಿಂಬು ಬೆವರಿನಲ್ಲಿ ತೊಯ್ದಿರುತ್ತಿತ್ತು. ಹಗಲೆಲ್ಲ ರಂಪ, ಹಠ. ಕಲಿಕೆ ನಿಧಾನವೆಂದು ಥೆರಪಿ ಹೆಚ್ಚಿಸಲು ಹೇಳಿದವರು ಹಲವರು. ರಾತ್ರಿ ಹೇಗೆ ಮಲಗುತ್ತಾಳೆ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಆ ನೋವು ನನಗೆ ಈಗಲೂ ಇದೆ.

ಗೊರಕೆ ಇಲ್ಲವೆಂದು ನೆಮ್ಮದಿಯಾಗಿರುವಂತೆಯೂ ಇಲ್ಲ. ಹೆತ್ತವರು ಕಂಡದ್ದಕ್ಕೂ ನಿದ್ದೆಯ ಪರೀಕ್ಷೆ ತೋರಿಸುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಅದಕ್ಕೇ ಲಕ್ಷಣ ಇರಲಿ, ಬಿಡಲಿ, 3ರಿಂದ 4 ವರ್ಷದೊಳಗೆ ಸ್ಲೀಪ್ ಸ್ಟಡಿ ಮಾಡಿಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಹೇಳಿದೆ. ತಲೆಗೆ ವೈರು, ಎದೆಗೆ ಬೆಲ್ಟು, ಬೆರಳಿಗೆ ಕೆಂಪು ದೀಪ ಕಟ್ಟಿಸಿಕೊಂಡು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕು. ಮೊದಲೇ ಮನೆಯಲ್ಲಿ ಅವಳ ಗೊಂಬೆಗೆ ಟೇಪು ಅಂಟಿಸಿ ಆಡಿಸಿದ್ದೆವು. ಅದು ತುಂಬಾ ನೆರವಾಯಿತು.

ಪರೀಕ್ಷೆಯಲ್ಲಿ ತೊಂದರೆ ಕಂಡಿದ್ದರಿಂದ ಟಾನ್ಸಿಲ್, ಅಡಿನಾಯ್ಡ್ ತೆಗೆಸಿದೆವು. ಅಲ್ಲಿಗೆ ಮುಗಿಯಿತು ಎಂದರು ಬಂಧುಗಳು. ಇತರ ಮಕ್ಕಳಿಗೆ ಹೆಚ್ಚಾಗಿ ಅಷ್ಟೇ ಸಾಕಾಗುತ್ತದೆ. ಈ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಸಾಲದು. ಆಪರೇಷನ್ ಆದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಲೇಬೇಕು. ನಮ್ಮವಳಿಗೆ ತೊಂದರೆ ಉಳಿದಿತ್ತು, ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಬಂತು. ಮೊದಲು ಕಾರ್ಟೂನ್ ನೋಡುವಾಗ ಬರೀ ಮಾಸ್ಕ್ ಹಾಕಿದೆವು, ಆಮೇಲೆ ಸ್ವಲ್ಪ ಗಾಳಿ ಬಿಟ್ಟೆವು, ರಾತ್ರಿಯ ಸರದಿ ಕೊನೆಗೆ. ಅವಸರ ಮಾಡಿದರೆ ಮಗು ಮಾಸ್ಕನ್ನೇ ದ್ವೇಷಿಸುತ್ತದೆ. ಮುಖ ಬೆಳೆದಂತೆ ಮಾಸ್ಕಿನ ಅಳತೆಯೂ ಬದಲಾಗಬೇಕು. ಸರಿಯಾಗಿ ಕೂರದಿದ್ದರೆ ಗಾಳಿ ಸೋರಿ ಕಣ್ಣು ಕೆಂಪಾಗುತ್ತದೆ. ಮುಂದಿನ ತಪಾಸಣೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಮಾಸ್ಕ್ ಇನ್ನೂ ಸರಿಯಾಗಿ ಕೂರುತ್ತಿದೆಯೇ ಎಂಬುದೇ.