ಶಿಷ್ಟಾಚಾರದ ಮಾತುಗಳ ಅನುವಾದ: ಥಾಯ್ ಭಾಷೆಯ ನಿದರ್ಶನ

ಪದಕ್ಕೆ ಪದವನ್ನಿಡುವ ಅನುವಾದವು ಎಲ್ಲಿ ಸೋಲುತ್ತದೆಂಬುದನ್ನು ತರಗತಿಯಲ್ಲಿ ತೋರಿಸಲು ಕಾವ್ಯದವರೆಗೆ ಹೋಗಬೇಕಾಗಿಲ್ಲ. ‘ಗುಡ್ ಮಾರ್ನಿಂಗ್’, ‘ಪ್ಲೀಸ್’, ‘ಸಾರಿ’ ಎಂಬ ನಿತ್ಯದ ಇಂಗ್ಲಿಷ್ ಮಾತುಗಳೇ ಸಾಕು. ಇವು ಥಾಯ್ ಭಾಷೆಯಲ್ಲಿ ತಾಳುವ ರೂಪವು ಕನ್ನಡ ಶಿಕ್ಷಕರಿಗೆ ವಿಶೇಷವಾಗಿ ಗಮನಾರ್ಹ. ಅಲ್ಲಿ ಪರಿಚಿತವಾದ ಸಂಸ್ಕೃತ ಶಬ್ದಗಳೇ ಅಪರಿಚಿತವಾದ ಕೆಲಸವನ್ನು ಮಾಡುತ್ತಿರುತ್ತವೆ.

‘ಹಲೋ’ ಎಂಬುದಕ್ಕೆ ಥಾಯ್ ಜನರು ‘ಸವತ್‌ದೀ’ ಎನ್ನುತ್ತಾರೆ. ಕನ್ನಡ ಶಾಸನಗಳ ಮೊದಲಲ್ಲಿ ಕಾಣುವ ‘ಸ್ವಸ್ತಿ’ಯೇ ಇದರ ಮೂಲ. ಬರವಣಿಗೆಯಲ್ಲಿ ಸಕಾರವು ಹಾಗೆಯೇ ಉಳಿದಿದೆ. ಅಕ್ಷರದ ಕೊನೆಯಲ್ಲಿ ಬಂದಾಗ ಅದನ್ನು ತಕಾರವಾಗಿ ನುಡಿಯುತ್ತಾರೆ. ಆದರೆ ಈ ವಂದನೆ ಪ್ರಾಚೀನವಲ್ಲ. ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುತ್ತಿದ್ದ ಭಾಷಾವಿದ್ವಾಂಸ ಫ್ರಯಾ ಉಪಕಿತ್ ಸಿಲಪಸಾನ್ ಅವರು ಅದನ್ನು ರೂಪಿಸಿದರು. 1943ರಲ್ಲಿ ಸರ್ಕಾರವು ಅದಕ್ಕೆ ಅಧಿಕೃತ ಮನ್ನಣೆಯನ್ನಿತ್ತಿತು. ನೆರೆಹೊರೆಯವರ ನಡುವೆ ಇಂದಿಗೂ ‘ಕಿನ್ ಖಾವ್ ರೂ ಯಾಂಗ್’, ಅಂದರೆ ‘ಊಟವಾಯಿತೇ’ ಎಂಬ ಪ್ರಶ್ನೆಯೇ ವಂದನೆಯಾಗುವುದುಂಟು.

‘ಗುಡ್ ಮಾರ್ನಿಂಗ್’ಗೆ ‘ಅರುಣ್ ಸವತ್’, ‘ಗುಡ್ ನೈಟ್’ಗೆ ‘ರಾತ್ರೀ ಸವತ್’ ಎಂಬ ಪದಗಳಿವೆ. ಅರ್ಥ ಸರಿಯೇ, ಮುಂಜಾನೆ ಅಂಗಡಿಗೆ ಹೋದವನು ಮಾತ್ರ ‘ಸವತ್‌ದೀ’ ಎಂದೇ ಹೇಳುತ್ತಾನೆ. ಕನ್ನಡದ ‘ಶುಭೋದಯ’ದ ಸ್ಥಿತಿಯೂ ಇದೇ ಅಲ್ಲವೇ?

ಗೌರವವು ಪದದಲ್ಲಿಯೇ ಇರಬೇಕೆಂಬ ನಿಯಮವೂ ಇಲ್ಲ. ವಾಕ್ಯದ ಕೊನೆಯಲ್ಲಿ ಪುರುಷನು ‘ಖ್ರಪ್’ ಎಂದೂ ಸ್ತ್ರೀಯು ‘ಖಾ’ ಎಂದೂ ಸೇರಿಸುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ: ‘ಬರ್ರೀ’, ‘ಹೌದ್ರೀ’ ಎಂಬಲ್ಲಿನ ‘ರೀ’ ಮಾಡುವ ಕೆಲಸ ಇಂಥದೇ. ‘ರೀ’ ಕೇಳುವವರ ಹಿರಿತನವನ್ನು ನೋಡುತ್ತದೆ. ‘ಖ್ರಪ್’, ‘ಖಾ’ಗಳು ಆಡುವವರು ಯಾರೆಂಬುದನ್ನೂ ಹೇಳುತ್ತವೆ.

‘ಪ್ಲೀಸ್’ ಎಂಬ ಮಾತು ಇನ್ನೂ ಸ್ವಾರಸ್ಯಕರ. ‘ಕರುನಾ’ ಎಂಬ ಪದವು ಸೂಚನಾಫಲಕಗಳಲ್ಲಿಯೂ ಔಪಚಾರಿಕ ಪ್ರಕಟಣೆಗಳಲ್ಲಿಯೂ ಬರುತ್ತದೆ. ಅದು ಕನ್ನಡದ ‘ಕರುಣೆ’ಯಲ್ಲ, ‘ದಯವಿಟ್ಟು’. ಆಡುಮಾತಿನಲ್ಲಿ ಬಾಗಿಲು ಮುಚ್ಚಿಸಬೇಕಾದರೆ ಮೊದಲಿಗೆ ‘ಛುವೈ’ (ನೆರವಾಗು), ಕೊನೆಗೆ ‘ನೋಯ್’ (ಸ್ವಲ್ಪ) ಎಂದರಾಯಿತು. ‘ಸ್ವಲ್ಪ ಬಾಗಿಲು ಹಾಕಿ’ ಎನ್ನುವ ಕನ್ನಡಿಗನು ಬಾಗಿಲನ್ನು ಅರ್ಧ ಮುಚ್ಚಲು ಹೇಳುತ್ತಿಲ್ಲ. ಥಾಯ್ ಮಾತಿನ ‘ಸ್ವಲ್ಪ’ವೂ ಹಾಗೆಯೇ ವಿನಯಸೂಚಕ.

ಕೃತಜ್ಞತೆಗೆ ‘ಖೋಪ್ ಖುನ್’; ಕಿರಿಯರಿಗೆ, ಆಪ್ತರಿಗೆ ‘ಖೋಪ್ ಚೈ’. ಕ್ಷಮೆ ಕೋರುವ ‘ಖೋ ಥೋತ್’ನಲ್ಲಿ ‘ಖೋ’ ಎಂದರೆ ಬೇಡು, ‘ಥೋತ್’ ಎಂದರೆ ಸಂಸ್ಕೃತದ ‘ದೋಷ’. ಪದಶಃ ಅನುವಾದಿಸಿದರೆ ದೋಷವನ್ನೇ ಬೇಡಿದಂತಾಗುತ್ತದೆ! ಇದಕ್ಕೆ ಬರುವ ಉತ್ತರ ‘ಮೈ ಪೆನ್ ರೈ’. ‘ಪರವಾಗಿಲ್ಲ’ ಎಂಬುದೇ ಅದಕ್ಕೆ ತಕ್ಕ ಕನ್ನಡ.

‘ಗುಡ್ ಆಫ್ಟರ್‌ನೂನ್’ ಎಂಬುದನ್ನು ಕನ್ನಡಕ್ಕೆ ತರಲು ಹೇಳಿದಾಗ ‘ಊಟ ಆಯ್ತಾ, ಅಕ್ಕಾ?’ ಎಂದು ಬರೆದ ಮಗುವಿನ ಉತ್ತರಕ್ಕೆ ಕೆಂಪು ಗೆರೆ ಎಳೆಯುವ ಮೊದಲು ಶಿಕ್ಷಕರು ಈ ನಿದರ್ಶನವನ್ನು ನೆನೆಯಬೇಕು. ‘ಶುಭ ಮಧ್ಯಾಹ್ನ’ವನ್ನು ಅದರ ಪಕ್ಕದಲ್ಲಿ ಬರೆಸಿ, ಯಾವುದನ್ನು ಯಾರಿಗೆ, ಎಲ್ಲಿ ಹೇಳುವರೆಂದು ಕೇಳಬಹುದು. ಬಳಿಕ ಮನೆಯಲ್ಲಿ ಅಜ್ಜಿ, ನೆರೆಯವರು, ಅಂಗಡಿಯವರು ಪರಸ್ಪರ ಮಾತನಾಡಿಸುವ ಬಗೆಯನ್ನು ಒಂದು ವಾರ ಕೇಳಿ ಬರೆದು ತರುವಂತೆ ಮಕ್ಕಳಿಗೆ ಹೇಳಬೇಕು. ನೆರೆಭಾಷೆಯ ಮಾತುಗಳೂ ಬರಲಿ.