ಎರಡು ಮಿದುಳುಗಳ ಗಣಕಯಂತ್ರ

ಕಬ್ಬು ಕಡಿಯುವ ಕಾಲದಲ್ಲಿ ಅರಕೆರೆಯ ಸುತ್ತಿನ ರಸ್ತೆಗಳಲ್ಲಿ ಜೋಡೆತ್ತಿನ ಗಾಡಿಗಳು ಈಗಲೂ ಕಾಣಸಿಗುತ್ತವೆ. ಎತ್ತುಗಳನ್ನು ಕೊಳ್ಳಲು ಹೋದ ರೈತನು ಒಂದೊಂದರ ಬಲವನ್ನು ಮಾತ್ರ ನೋಡಿ ಹಣ ಕೊಡುವುದಿಲ್ಲ. ಎರಡರ ಎತ್ತರ ಸಮವೇ, ನಡಿಗೆ ಒಂದೇ ತೆರನೇ, ಒಂದೇ ನೊಗಕ್ಕೆ ಅವು ಹೊಂದುವುವೇ ಎಂಬುದನ್ನು ಪರೀಕ್ಷಿಸುತ್ತಾನೆ. ಗಣಕಯಂತ್ರವನ್ನು ಜೋಡಿಸುವವರಿಗೂ ಈ ವಿವೇಕ ಬೇಕು.

ಆ ಕಡೆಯ ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ಒಂದು ಚೀಟಿಯನ್ನು ತಂದನು. ಮನೆಗಳ ನಕ್ಷೆಗಳಿಗೆ ಮೂರು ಆಯಾಮದ ಚಿತ್ರಗಳನ್ನು ರಚಿಸಿಕೊಟ್ಟು ನಾಲ್ಕು ಕಾಸು ಸಂಪಾದಿಸಬೇಕೆಂಬುದು ಅವನ ಆಸೆ. ಬಿಡುವಿನಲ್ಲಿ ಅದೇ ಯಂತ್ರದಲ್ಲಿ ಆಟಗಳನ್ನೂ ಆಡಬೇಕು. ಇದಕ್ಕಾಗಿ ಎರಡು ಪ್ರೊಸೆಸರುಗಳುಳ್ಳ ಗಣಕವನ್ನು ತಾನೇ ಜೋಡಿಸಲು ಹೊರಟಿದ್ದನು. ಹಳೆಯ ಸರ್ವರುಗಳಿಂದ ಬಿಚ್ಚಿದ ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗವಾಗಿ ಕೊಳ್ಳುವ ಯೋಚನೆ. ಹಣವು ತಂದೆಯ ಕಬ್ಬಿನ ಹಣ. ಚೀಟಿಯಲ್ಲಿದ್ದ ಪ್ರತಿಯೊಂದು ವಸ್ತುವೂ ತನ್ನಷ್ಟಕ್ಕೆ ಒಳ್ಳೆಯದೇ ಆಗಿತ್ತು. ಆದರೆ ಅವುಗಳನ್ನು ಒಟ್ಟುಗೂಡಿಸಿದ್ದರೆ ಯಂತ್ರವು ಚಾಲನೆಗೇ ಬರುತ್ತಿರಲಿಲ್ಲ. ಏಕೆಂಬುದನ್ನು ನೋಡೋಣ.

ಮೊದಲು ಕೆಲಸ, ಅನಂತರ ಯಂತ್ರ

ಪ್ರೊಸೆಸರು ಎರಡಾದರೆ ವೇಗವೂ ಇಮ್ಮಡಿಯಾಗುವುದೇ? ಈ ಪ್ರಶ್ನೆಗೆ ಜೀನ್ ಆಮ್ಡಾಲ್ ಎಂಬ ಅಮೆರಿಕದ ಗಣಕತಜ್ಞನು 1967ರಲ್ಲಿಯೇ ಉತ್ತರದ ದಾರಿಯನ್ನು ತೋರಿಸಿದನು. ಯಾವ ಕೆಲಸದಲ್ಲಿಯೂ ಹಲವರಿಗೆ ಹಂಚಬಹುದಾದ ಭಾಗ ಒಂದು, ಒಂದಾದ ಮೇಲೊಂದರಂತೆ ಮಾಡಲೇಬೇಕಾದ ಭಾಗ ಇನ್ನೊಂದು. ಗದ್ದೆ ನಾಟಿಯನ್ನು ಹತ್ತು ಜನರಿಗೆ ಹಂಚಬಹುದು. ಬಿತ್ತಿದ ಬೀಜವು ಸಸಿಯಾಗಲು ಬೇಕಾದ ದಿನಗಳನ್ನು ಹಂಚಲಾಗದು.

ಪ್ರೊಸೆಸರಿನೊಳಗಿನ ಸ್ವತಂತ್ರ ಗಣನಾಘಟಕಕ್ಕೆ ಕೋರ್ ಎಂದು ಹೆಸರು. ಒಂದು ಪ್ರೊಸೆಸರಿನಲ್ಲಿ 8 ಕೋರ್‌ಗಳಿವೆಯೆಂದೂ, ನಮ್ಮ ಕೆಲಸಕ್ಕೆ ಒಂದೇ ಕೋರ್‌ನಲ್ಲಿ 100 ನಿಮಿಷ ಹಿಡಿಯುವುದೆಂದೂ ಇಟ್ಟುಕೊಳ್ಳೋಣ. ಚಿತ್ರರಚನೆಯಂಥ ಕೆಲಸದಲ್ಲಿ 99 ನಿಮಿಷಗಳ ಭಾಗವನ್ನು ಹಂಚಬಹುದಾದರೆ, 8 ಕೋರ್‌ಗಳಿಗೆ ತಗಲುವ ಕಾಲ 1 + 99/8, ಎಂದರೆ ಸುಮಾರು 13.4 ನಿಮಿಷ. ಪ್ರೊಸೆಸರುಗಳು ಎರಡಾಗಿ ಕೋರ್‌ಗಳು 16 ಆದರೆ ಅದು 7.2 ನಿಮಿಷಕ್ಕೆ ಇಳಿಯುತ್ತದೆ. ಇದು ದೊಡ್ಡ ಲಾಭವೇ ಸರಿ. ಆದರೆ ಹಂಚಬಹುದಾದ ಭಾಗ 50 ನಿಮಿಷ ಮಾತ್ರ ಇದ್ದರೆ? 8 ಕೋರ್‌ಗಳಿಗೆ 56.3 ನಿಮಿಷ, 16 ಕೋರ್‌ಗಳಿಗೆ 53.1 ನಿಮಿಷ! ಎರಡನೆಯ ಪ್ರೊಸೆಸರಿಗೆ ತೆತ್ತ ಹಣಕ್ಕೆ ದೊರೆತದ್ದು ಮೂರು ನಿಮಿಷ. ಅನೇಕ ಆಟಗಳ ಸ್ವಭಾವವು ಈ ಎರಡನೆಯ ಬಗೆಗೆ ಹತ್ತಿರವಾದುದು. ಅವಕ್ಕೆ ಬೇಕಾದುದು ಕೋರ್‌ಗಳ ಸಂಖ್ಯೆಗಿಂತ ಹೆಚ್ಚಾಗಿ ಒಂದೊಂದು ಕೋರ್‌ನ ವೇಗ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್.

ನೊಗದ ಪರೀಕ್ಷೆ

ಚೀಟಿಯ ಮೊದಲನೆಯ ಸಾಲಿನಲ್ಲಿ ಇಂಟೆಲ್ ಕಂಪನಿಯ ಜಿಯಾನ್ ಇ5-1660 ವಿ3 ಎಂಬ ಪ್ರೊಸೆಸರು ಎರಡು ಎಂದಿತ್ತು. ಈ ಹೆಸರಿನಲ್ಲಿಯೇ ಉತ್ತರವಿದೆ. ಅಡ್ಡಗೆರೆಯ ಅನಂತರದ ಮೊದಲ ಅಂಕಿಯು ಒಂದು ಯಂತ್ರದಲ್ಲಿ ಅಂಥ ಎಷ್ಟು ಪ್ರೊಸೆಸರುಗಳನ್ನು ಕೂಡಿಸಬಹುದೆಂಬುದನ್ನು ಹೇಳುತ್ತದೆ: 1600ರ ಸಾಲಿನವು ಒಂಟಿ, 2600ರವು ಜೋಡಿ, 4600ರವು ನಾಲ್ಕು. ಜೋಡಿಯಾಗಬಲ್ಲ ಪ್ರೊಸೆಸರಿನಲ್ಲಿ ಸಂಗಾತಿಯೊಡನೆ ಮಾತನಾಡುವ ವಿಶೇಷ ಸಂಪರ್ಕಮಾರ್ಗವಿರುತ್ತದೆ. ಒಂಟಿಯಲ್ಲಿ ಅದು ಇರುವುದೇ ಇಲ್ಲ. ಇ5-2667 ವಿ3 ಎಂಬುದನ್ನು ಕೊಳ್ಳುವುದಾದರೆ ಎರಡೂ ಅದೇ ಮಾದರಿಯವಾಗಿರಬೇಕು.

ಇಂಥ ಬಹುಪ್ರೊಸೆಸರ್ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ನಾಲ್ಕು ಪ್ರೊಸೆಸರುಗಳ ಸರ್ವರುಗಳಿಗಾಗಿ 2008ರಲ್ಲಿ ಹೊರಬಂದ, ಆರು ಕೋರ್‌ಗಳುಳ್ಳ ಜಿಯಾನ್ 7400 ಮಾಲೆಯು ಬಹುಮಟ್ಟಿಗೆ ಬೆಂಗಳೂರಿನ ಎಂಜಿನಿಯರುಗಳ ವಿನ್ಯಾಸವೇ ಆಗಿತ್ತು. ಅದರಲ್ಲಿದ್ದ ಟ್ರಾನ್ಸಿಸ್ಟರುಗಳು ಸುಮಾರು 190 ಕೋಟಿ.

ಎರಡನೆಯ ತಪ್ಪು ಮದರ್‌ಬೋರ್ಡಿನದು. ಪ್ರೊಸೆಸರನ್ನು ಕೂಡಿಸುವ ಸಾಕೆಟ್ಟಿನಲ್ಲಿ 2011 ಸ್ಪರ್ಶಬಿಂದುಗಳಿದ್ದರೆ ಸಾಕೆಂದು ವಿದ್ಯಾರ್ಥಿಯು ಭಾವಿಸಿದ್ದನು. 2012ರಲ್ಲಿ ಬಂದ ಮೊದಲನೆಯ ಇ5 ಪೀಳಿಗೆಗೂ 2014ರ ವಿ3 ಪೀಳಿಗೆಗೂ ಸ್ಪರ್ಶಬಿಂದುಗಳ ಸಂಖ್ಯೆ ಒಂದೇ. ಆದರೆ ಅವುಗಳ ವಿದ್ಯುತ್ ಜೋಡಣೆ ಬೇರೆ, ಅಂಚಿನ ಕಚ್ಚುಗಳ ಸ್ಥಾನವೂ ಬೇರೆ. ಮೊದಲನೆಯ ಪೀಳಿಗೆಗೆ ಡಿಡಿಆರ್3 ರ‍್ಯಾಮ್, ವಿ3ಕ್ಕೆ ಸಾಮಾನ್ಯವಾಗಿ ಡಿಡಿಆರ್4. ಆದುದರಿಂದ ಮದರ್‌ಬೋರ್ಡು ತಯಾರಿಸಿದವರು ಪ್ರಕಟಿಸಿರುವ ಪ್ರೊಸೆಸರುಗಳ ಪಟ್ಟಿಯನ್ನು ನೋಡದೆ ಹಣ ಬಿಚ್ಚಬಾರದು.

ಹತ್ತಿರದ ಕಣಜ, ದೂರದ ಕಣಜ

ಜೋಡಿ ಯಂತ್ರದಲ್ಲಿ ಪ್ರತಿಯೊಂದು ಪ್ರೊಸೆಸರಿಗೂ ಅದರದೇ ಆದ ರ‍್ಯಾಮ್ ಇರುತ್ತದೆ. ಮೇಲೆ ಹೇಳಿದ ಪೀಳಿಗೆಯಲ್ಲಿ ಒಂದೊಂದಕ್ಕೂ ನಾಲ್ಕು ಮಾರ್ಗಗಳು. 2133 ವೇಗದ ರ‍್ಯಾಮನ್ನು ನಾಲ್ಕೂ ಮಾರ್ಗಗಳಲ್ಲಿ ಕೂಡಿಸಿದರೆ ಸೆಕೆಂಡಿಗೆ ಸುಮಾರು 68 ಗಿಗಾಬೈಟು ಮಾಹಿತಿ ಹರಿಯಬಲ್ಲುದು. ಸಂಗಾತಿಯ ರ‍್ಯಾಮಿನಿಂದ ಮಾಹಿತಿ ಬೇಕಾದರೆ ಅದು ನಡುವಣ ಸಂಪರ್ಕಮಾರ್ಗದ ಮೂಲಕ ಬರಬೇಕು. ಆಗ ಹರಿವೂ ಕಡಮೆ, ವಿಳಂಬವೂ ಹೆಚ್ಚು. ಮನೆಯ ಕಣಜದಿಂದ ಭತ್ತ ತೆಗೆಯುವುದಕ್ಕೂ ನೆರೆಮನೆಯಿಂದ ಹೊತ್ತು ತರುವುದಕ್ಕೂ ಇರುವ ವ್ಯತ್ಯಾಸವೇ ಇದು. ಕೆಲವು ಆಟಗಳು ಜೋಡಿ ಯಂತ್ರದಲ್ಲಿ ಮುಗ್ಗರಿಸಲು ಇದೂ ಒಂದು ಕಾರಣ.

ಆದುದರಿಂದ ರ‍್ಯಾಮನ್ನು ಎರಡೂ ಕಡೆಗೆ ಸಮನಾಗಿ, ನಾಲ್ಕು ನಾಲ್ಕಾಗಿ ಹಂಚಬೇಕು. ಸರ್ವರುಗಳ ರಿಜಿಸ್ಟರ್ಡ್ ರ‍್ಯಾಮನ್ನೂ ಮನೆಯ ಗಣಕಗಳ ಸಾಧಾರಣ ರ‍್ಯಾಮನ್ನೂ ಬೆರೆಸಕೂಡದು. ಇನ್ನೊಂದು ಮಾತು: ಕಾರ್ಡುಗಳನ್ನು ಕೂಡಿಸುವ ಕೆಲವು ಸ್ಲಾಟುಗಳು ಎರಡನೆಯ ಪ್ರೊಸೆಸರಿಗೆ ಸೇರಿರುತ್ತವೆ. ಅದನ್ನು ಮುಂದೆ ಕೊಳ್ಳೋಣವೆಂದು ಆ ಸಾಕೆಟ್ಟನ್ನು ಬರಿದಾಗಿ ಬಿಟ್ಟರೆ ಆ ಸ್ಲಾಟುಗಳು ನಿರ್ಜೀವವಾಗಿರುತ್ತವೆ.

ಅಳತೆ, ವಿದ್ಯುತ್ತು, ಶಾಖ

ಸಾಧಾರಣ ಎಟಿಎಕ್ಸ್ ಮದರ್‌ಬೋರ್ಡಿನ ಅಳತೆ 305 × 244 ಮಿಲಿಮೀಟರು. ಜೋಡಿ ಬೋರ್ಡುಗಳಲ್ಲಿ ಹಲವು 305 × 330 ಮಿಲಿಮೀಟರು. ಸ್ಕ್ರೂ ರಂಧ್ರಗಳ ಸ್ಥಾನವೂ ಬೇರೆಯಾಗಿರಬಹುದು. ಕ್ಯಾಬಿನೆಟ್ಟು ಇದಕ್ಕೆ ತಕ್ಕದ್ದಾಗಿರಬೇಕು. ಸಾಕೆಟ್ಟಿನ ಸುತ್ತಿನ ಚೌಕಟ್ಟಿನಲ್ಲಿಯೂ ಚೌಕ ಮತ್ತು ಕಿರಿದು ಎಂದು ಎರಡು ಬಗೆಗಳುಂಟು. ಒಂದರ ಹೀಟ್‌ಸಿಂಕು ಇನ್ನೊಂದಕ್ಕೆ ಕೂರದು.

ಈಗ ವಿದ್ಯುತ್ತಿನ ಲೆಕ್ಕ. ಪ್ರೊಸೆಸರುಗಳಿಗೆ 135ರಂತೆ 270 ವ್ಯಾಟ್, ಗ್ರಾಫಿಕ್ಸ್ ಕಾರ್ಡಿಗೆ 250, ಉಳಿದವಕ್ಕೆ 80. ಒಟ್ಟು 600 ವ್ಯಾಟ್. ಅಂಚಿಗೆ ಅಂಚು ನಿಲ್ಲದೆ 850 ವ್ಯಾಟಿನ ಎಸ್‌ಎಂಪಿಎಸ್ ಕೊಳ್ಳುವುದು ಲೇಸು. ಪ್ರೊಸೆಸರುಗಳಿಗಾಗಿ ಎಂಟು ಪಿನ್ನಿನ ಎರಡು ತಂತಿಗಳು ಅದರಲ್ಲಿರಬೇಕು. ಅದರ ದಕ್ಷತೆ ಶೇಕಡ 90 ಎಂದಾದರೆ ಗೋಡೆಯಿಂದ ಎಳೆಯುವುದು 667 ವ್ಯಾಟ್. 1000 ವಿಎ ಎಂದು ಬರೆದಿರುವ ಯುಪಿಎಸ್ಸಿನ ಶಕ್ತಿಗುಣಾಂಕ 0.6 ಆದರೆ ಅದು ಹೊರಬಲ್ಲುದು 600 ವ್ಯಾಟ್ ಮಾತ್ರ. ಕರೆಂಟು ಹೋದ ಕ್ಷಣದಲ್ಲಿಯೇ ಅದು ಕೈಬಿಡುವುದು. ದಿನಕ್ಕೆ ಐದು ಗಂಟೆ ಪೂರ್ಣಭಾರದಲ್ಲಿ ದುಡಿಸಿದರೆ ಮೂರು ಯೂನಿಟ್ಟಿಗೂ ಮಿಕ್ಕಿ ವೆಚ್ಚ. ಅಷ್ಟೂ ಶಕ್ತಿಯು ಕೊನೆಗೆ ಶಾಖವಾಗಿ ಕೋಣೆಯನ್ನು ಸೇರುತ್ತದೆ.

ಕಾರ್ಯನಿರ್ವಹಣ ವ್ಯವಸ್ಥೆಯನ್ನೂ ಮರೆಯಬಾರದು. ವಿಂಡೋಸಿನ ಹೋಮ್ ಆವೃತ್ತಿಯು ಒಂದೇ ಪ್ರೊಸೆಸರನ್ನು ಬಳಸಿಕೊಳ್ಳುತ್ತದೆ. ಜೋಡಿಗೆ ಪ್ರೊ ಆವೃತ್ತಿ ಬೇಕು. ವಿಂಡೋಸ್ 10ಕ್ಕೆ ಉಚಿತ ಪರಿಷ್ಕರಣೆಗಳು 2025ರ ಅಕ್ಟೋಬರಿನಲ್ಲಿ ನಿಂತವು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಹಳೆಯ ಜಿಯಾನ್‌ಗಳಿಲ್ಲ. ಲಿನಕ್ಸಿಗೆ ಈ ತೊಡಕಿಲ್ಲ.

ಕೊನೆಯ ಚೀಟಿ

ಇಷ್ಟೆಲ್ಲ ಕೇಳಿದ ಮೇಲೆ ಅವನಿಗೆ ಒಂದು ಪ್ರಯೋಗವನ್ನು ಸೂಚಿಸಿದೆವು. ವಾಚಕರೂ ಇದನ್ನು ಮಾಡಬಹುದು. ನಿಮ್ಮ ಕೆಲಸವನ್ನು ಮೊದಲು ಒಂದು ಕೋರ್‌ನಲ್ಲಿ, ಅನಂತರ ಎರಡು ಕೋರ್‌ಗಳಲ್ಲಿ ನಡೆಸಿ ಕಾಲವನ್ನು ಅಳೆಯಿರಿ. ಉಳಿತಾಯವಾದ ಕಾಲವನ್ನು ಇಮ್ಮಡಿಸಿ ಮೊದಲಿನ ಕಾಲದಿಂದ ಭಾಗಿಸಿದರೆ ಹಂಚಬಹುದಾದ ಅಂಶವು ಸುಮಾರಾಗಿ ದೊರೆಯುತ್ತದೆ. 100 ನಿಮಿಷವು 55ಕ್ಕೆ ಇಳಿದರೆ ಉಳಿತಾಯ 45. ಅದರ ಇಮ್ಮಡಿ 90. ಆದುದರಿಂದ ಹಂಚಬಹುದಾದುದು ಶೇಕಡ 90.

ಆತನು ಕಾಲೇಜಿನ ಗಣಕದಲ್ಲಿ ಅಳೆದು ನೋಡಿದನು. ಚಿತ್ರರಚನೆಗೆ ಹೆಚ್ಚು ಕೋರ್‌ಗಳು ನಿಜವಾಗಿಯೂ ಬೇಕಾಗಿದ್ದುವು. ಆದರೆ ಹದಿನಾರು ಕೋರ್‌ಗಳಿಗೆ ಈಗ ಎರಡು ಪ್ರೊಸೆಸರುಗಳೇ ಆಗಬೇಕೆಂದಿಲ್ಲ. 2020ರಲ್ಲಿ ಬಂದ ರೈಜನ್ 9 5950ಎಕ್ಸ್ ಎಂಬ ಒಂದರಲ್ಲಿಯೇ ಅಷ್ಟು ಕೋರ್‌ಗಳಿವೆ. ಅದರ ಶಾಖದ ಗಣನೆಯೂ 105 ವ್ಯಾಟ್ ಮಾತ್ರ. ಬೆಲೆ, ಎಸ್‌ಎಂಪಿಎಸ್, ಯುಪಿಎಸ್, ಕರೆಂಟಿನ ಬಿಲ್ಲು ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದ ಆತನು ಒಂಟಿ ಪ್ರೊಸೆಸರಿನ ಯಂತ್ರವನ್ನೇ ಆರಿಸಿಕೊಂಡನು. ಹೊಸ ಚೀಟಿಯ ಮೊದಲ ಸಾಲಿನಲ್ಲಿ ಪ್ರೊಸೆಸರಿನ ಹೆಸರಿರಲಿಲ್ಲ. ಮಾಡಬೇಕಾದ ಕೆಲಸದ ಹೆಸರಿತ್ತು.