ಕೊಲ್ಲದಿರುವ ಆಯ್ಕೆಯ ಕಥನ: ‘ಅಂಡರ್‌ಟೇಲ್’ ವಿಡಿಯೊ ಆಟದಲ್ಲಿ ಭಾವ, ಪ್ರಾತಿನಿಧ್ಯ ಮತ್ತು ಸರ್ವನಾಮ

ಕಥನಶಾಸ್ತ್ರವು ಕಾವ್ಯ, ನಾಟಕ, ಕಾದಂಬರಿಗಳ ಆಚೆಗೆ ಚಲನಚಿತ್ರವನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡು ದಶಕಗಳೇ ಕಳೆದಿವೆ. ವಿಡಿಯೊ ಆಟವನ್ನು ಮಾತ್ರ ಸಾಹಿತ್ಯ ವಿಮರ್ಶೆಯು ಬಹುಮಟ್ಟಿಗೆ ಮನರಂಜನೆಯ ಸರಕೆಂದೇ ಬಗೆಯುತ್ತ ಬಂದಿದೆ. ಆಡುವವರ ಆಯ್ಕೆಯಿಂದಲೇ ಕಥೆ ಮುಂದುವರಿಯುವ ‘ಪಾತ್ರಾಭಿನಯ ಆಟ’ಗಳನ್ನು ಪಠ್ಯವೆಂದು ಓದಲು ಸಾಧ್ಯವೇ? ಅಂಥ ಪಠ್ಯದಲ್ಲಿ ಭಾವವೂ ಭಿನ್ನ ಬದುಕುಗಳ ಪ್ರಾತಿನಿಧ್ಯವೂ ಯಾವ ಮಾರ್ಗದಿಂದ ರೂಪುಗೊಳ್ಳುತ್ತವೆ? ಈ ಪ್ರಶ್ನೆಗಳನ್ನು ‘ಅಂಡರ್‌ಟೇಲ್’ ಎಂಬ ಆಟದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ‘ಆಟಗಾರ’ ಎಂಬ ಪದವು ಪುಲ್ಲಿಂಗವಾದ್ದರಿಂದ ಇಲ್ಲಿ ‘ಆಡುವವರು’ ಎಂದು ಬಳಸಲಾಗಿದೆ. ಈ ಎಚ್ಚರದ ಕಾರಣ ಮುಂದೆ ಸ್ಪಷ್ಟವಾಗುತ್ತದೆ.

೧. ಪಠ್ಯದ ಸ್ವರೂಪ

‘ಅಂಡರ್‌ಟೇಲ್’ ೨೦೧೫ರ ಸೆಪ್ಟೆಂಬರ್ ೧೫ರಂದು ಬಿಡುಗಡೆಯಾಯಿತು. ಅಮೆರಿಕದ ಟೋಬಿ ಫಾಕ್ಸ್ ಅವರು ಇದರ ಬರಹ, ವಿನ್ಯಾಸ ಹಾಗೂ ಸಂಗೀತವನ್ನು ಬಹುತೇಕ ಒಬ್ಬರೇ ನಿರ್ವಹಿಸಿದರು. ಚಿತ್ರಕಲೆಯಲ್ಲಿ ಟೆಮ್ಮಿ ಚಾಂಗ್ ಅವರ ನೆರವಿತ್ತು. ೨೦೧೩ರಲ್ಲಿ ‘ಕಿಕ್‌ಸ್ಟಾರ್ಟರ್’ ಮೂಲಕ ಐದು ಸಾವಿರ ಡಾಲರು ಬೇಡಿದ ಈ ಯೋಜನೆಗೆ ಐವತ್ತು ಸಾವಿರಕ್ಕೂ ಹೆಚ್ಚು ಡಾಲರು ಜನರಿಂದಲೇ ಸಂದಿತು. ದೊಡ್ಡ ಪ್ರಕಾಶನ ಸಂಸ್ಥೆಯ ಹಂಗಿಲ್ಲದ ಇಂಥ ಕೃತಿಗಳನ್ನು ‘ಇಂಡೀ’ ಆಟಗಳೆಂದು ಕರೆಯುವುದು ರೂಢಿ.

ಕಥೆಯ ಹಂದರ ಸರಳವಾದುದು. ಮನುಷ್ಯರೊಡನೆ ನಡೆದ ಯುದ್ಧದಲ್ಲಿ ಸೋತ ವಿಚಿತ್ರಜೀವಿಗಳು ನೆಲದಡಿಯಲ್ಲಿ ಮಾಂತ್ರಿಕ ತಡೆಯೊಂದರ ಹಿಂದೆ ಬಂಧಿತವಾಗಿವೆ. ಆ ತಡೆಯನ್ನು ಒಡೆಯಲು ಏಳು ಮನುಷ್ಯಾತ್ಮಗಳು ಬೇಕು. ಅಲ್ಲಿಗೆ ಮನುಷ್ಯರ ಮಗುವೊಂದು ಬೀಳುತ್ತದೆ. ಮಗುವಿಗೆ ಮನೆ ಸೇರುವ ಹಂಬಲ. ಜೀವಿಗಳಿಗೆ ಅದರ ಆತ್ಮವೇ ಬಿಡುಗಡೆಯ ಕೀಲಿ. ಹೀಗೆ ಎರಡೂ ಪಕ್ಷಗಳಿಗೆ ನ್ಯಾಯವಾದ ಕಾರಣಗಳಿರುವುದರಿಂದ ಖಳ–ನಾಯಕ ಎಂಬ ವಿಭಜನೆ ಇಲ್ಲಿ ಆರಂಭದಲ್ಲಿಯೇ ಶಿಥಿಲವಾಗುತ್ತದೆ.

೨. ನಿಯಮವೇ ಭಾವವಾಗುವ ಬಗೆ

ಈ ಪ್ರಕಾರದ ಆಟಗಳಲ್ಲಿ ಎದುರಾಳಿಯನ್ನು ಕೊಂದರೆ ‘ಇಎಕ್ಸ್‌ಪಿ’, ಅಂದರೆ ಅನುಭವದ ಅಂಕ, ದೊರೆಯುವುದು ಸಂಪ್ರದಾಯ. ‘ಅಂಡರ್‌ಟೇಲ್’ ಈ ಸಂಕೇತವನ್ನು ಉಳಿಸಿಕೊಂಡು ಅದರ ಅರ್ಥವನ್ನು ಮಾತ್ರ ಬಚ್ಚಿಡುತ್ತದೆ. ಕೊನೆಯ ಹಂತದಲ್ಲಿ ಸ್ಯಾನ್ಸ್ ಎಂಬ ಪಾತ್ರವು ‘ಇಎಕ್ಸ್‌ಪಿ’ ಎಂದರೆ ವಧೆಯ ಅಂಕ, ‘ಲವ್’ ಎಂದರೆ ಹಿಂಸೆಯ ಮಟ್ಟ ಎಂದು ಬಿಡಿಸಿ ಹೇಳುತ್ತದೆ. ಗಳಿಕೆಯೆಂದು ಎಣಿಸಿಕೊಂಡುದೆಲ್ಲ ಆಗ ಅಪರಾಧದ ಲೆಕ್ಕವಾಗಿ ತಿರುಗುತ್ತದೆ. ಯಾರನ್ನೂ ಕೊಲ್ಲದೆ ಆಡುವವರು ಕೊನೆಯವರೆಗೂ ಮೊದಲ ಮಟ್ಟದಲ್ಲಿ, ಇಪ್ಪತ್ತು ಪ್ರಾಣಾಂಕಗಳಲ್ಲಿಯೇ ಉಳಿಯಬೇಕು. ಕರುಣೆಗೆ ಬೆಲೆಯಿದೆ ಎಂಬುದನ್ನು ಕೃತಿಯು ಉಪದೇಶದಿಂದಲ್ಲ, ದುರ್ಬಲರಾಗಿಯೇ ನಡೆಯಬೇಕಾದ ನಿಯಮದಿಂದ ಮನಗಾಣಿಸುತ್ತದೆ.

ಟೋರಿಯೆಲ್‌ಳ ಪ್ರಸಂಗ ಇದಕ್ಕೆ ಉತ್ತಮ ನಿದರ್ಶನ. ಮೇಕೆಯ ರೂಪದ ಈಕೆ ಮಗುವನ್ನು ಕಾಪಾಡಿ, ತಾಯಿಯಂತೆ ಸಲಹಿ, ಹೊರಗೆ ಅಪಾಯವಿದೆಯೆಂದು ದಾರಿಗೆ ಅಡ್ಡ ನಿಲ್ಲುತ್ತಾಳೆ. ಅವಳನ್ನು ಬಿಟ್ಟುಬಿಡುವ ಆಯ್ಕೆಯನ್ನು ಮತ್ತೆ ಮತ್ತೆ ಮಾಡಿದರಷ್ಟೇ ಅವಳು ಕರಗುತ್ತಾಳೆ. ಅರಿಯದೆ ಕೊಂದು, ಪಶ್ಚಾತ್ತಾಪದಿಂದ ಹಿಂದಿನ ಹಂತಕ್ಕೆ ಮರಳಿ ಅವಳನ್ನು ಉಳಿಸಿದವರನ್ನು ಫ್ಲಾವಿ ಎಂಬ ಹೂವು ಅದೇ ಕೃತ್ಯವನ್ನು ನೆನಪಿಸಿ ಹಂಗಿಸುತ್ತದೆ. ಉಳಿದ ಆಟಗಳಲ್ಲಿ ಕೇವಲ ಸೌಲಭ್ಯವಾಗಿರುವ ‘ಮತ್ತೆ ಆಡು’ ಎಂಬುದು ಇಲ್ಲಿ ಸ್ಮೃತಿಗೆ ಒಳಪಟ್ಟ ನೈತಿಕ ಕ್ರಿಯೆಯಾಗುತ್ತದೆ.

೩. ಪ್ರಾತಿನಿಧ್ಯದ ನೆಲೆಗಳು

ಕಾವಲುಪಡೆಯ ಮುಖ್ಯಸ್ಥೆ ಅಂಡೈನ್ ಮತ್ತು ವಿಜ್ಞಾನಿ ಆಲ್ಫಿಸ್ ಇಬ್ಬರೂ ಹೆಣ್ಣುಪಾತ್ರಗಳು. ಅವರ ನಡುವೆ ಪ್ರೇಮವಿದೆ. ಈ ಪ್ರೇಮಕ್ಕೆ ಎದುರಾಗುವ ಅಡ್ಡಿ ಯಾವುದೆಂಬುದು ಇಲ್ಲಿ ಗಮನಾರ್ಹ. ಸಮಾಜವಾಗಲಿ ಲಿಂಗವಾಗಲಿ ಅಡ್ಡಿಯಲ್ಲ; ಆಲ್ಫಿಸ್‌ಳ ಕೀಳರಿಮೆ ಹಾಗೂ ಸುಳ್ಳುಗಳೇ ಅಡ್ಡಿ. ತನ್ನ ವಿಫಲ ಪ್ರಯೋಗಗಳಿಂದ ವಿಕೃತಗೊಂಡ ಜೀವಿಗಳನ್ನು ಅವಳು ಅಡಗಿಸಿಟ್ಟಿದ್ದಾಳೆ. ಸತ್ಯವನ್ನು ಒಪ್ಪಿ, ಆ ಜೀವಿಗಳನ್ನು ಅವರವರ ಮನೆಯವರಿಗೆ ಒಪ್ಪಿಸುವುದೇ ಅವಳ ಪಾತ್ರದ ವಿಕಾಸ. ಹೀಗೆ ಸಲಿಂಗಪ್ರೇಮವು ‘ಸಮಸ್ಯೆ’ಯಾಗಿ ಮಂಡಿತವಾಗದೆ, ಎಲ್ಲ ಪ್ರೇಮಕಥೆಗಳಂತೆ ಶೀಲದ ಪ್ರಶ್ನೆಯೊಡನೆ ಹೆಣೆದುಕೊಂಡಿದೆ.

ಇಬ್ಬರು ರಾಜಭಟರ ಕಿರುಪ್ರಸಂಗದಲ್ಲಿ ಇದೇ ತತ್ತ್ವ ನಿಯಮದ ರೂಪ ತಾಳುತ್ತದೆ. ಒಬ್ಬ ಗಂಡುಭಟನು ಇನ್ನೊಬ್ಬನ ಬಗೆಗಿನ ಒಲವನ್ನು ಒಪ್ಪಿಕೊಳ್ಳುವಂತೆ ಪ್ರೇರೇಪಿಸಿದರೆ ಕಾಳಗವೇ ನಿಲ್ಲುತ್ತದೆ. ಇಬ್ಬರೂ ಐಸ್‌ಕ್ರೀಂ ತಿನ್ನಲು ಹೊರಡುತ್ತಾರೆ. ಯುದ್ಧಕ್ಕೆ ಪರ್ಯಾಯವಾಗಿ ಇಲ್ಲಿ ಮನಸ್ಸಿನ ಮಾತನ್ನು ಆಡುವ ಧೈರ್ಯವನ್ನು ಇಡಲಾಗಿದೆ.

೪. ಸರ್ವನಾಮದ ಪ್ರಶ್ನೆ

ಬಿದ್ದ ಮಗುವಿನ ಲಿಂಗವನ್ನು ಕೃತಿಯು ಎಲ್ಲಿಯೂ ಸೂಚಿಸುವುದಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ‘ದೇ’ ಎಂಬ ಸರ್ವನಾಮ ಬಳಕೆಯಾಗಿದೆ. ಆರಂಭದಲ್ಲಿ ಆಡುವವರು ಇಡುವ ಹೆಸರು ಆ ಮಗುವಿನದಲ್ಲವೆಂಬುದೂ ಅದರ ನಿಜನಾಮ ಫ್ರಿಸ್ಕ್ ಎಂಬುದೂ ಸಂಪೂರ್ಣ ಅಹಿಂಸೆಯ ದಾರಿಯ ಅಂತ್ಯದಲ್ಲಷ್ಟೇ ತಿಳಿಯುತ್ತದೆ. ಯಾರನ್ನು ನಾವು ‘ನಾನು’ ಎಂದುಕೊಂಡಿದ್ದೆವೋ ಆ ಜೀವವು ಸ್ವತಂತ್ರವಾದುದೆಂಬ ಅರಿವು ಆಗ ಮೂಡುತ್ತದೆ.

ಇದನ್ನು ಕನ್ನಡದಲ್ಲಿ ಹೇಳುವುದಾದರೆ? ಇಂಗ್ಲಿಷಿನಲ್ಲಿ ಸರ್ವನಾಮವನ್ನು ಕೈಬಿಟ್ಟರೆ ಲಿಂಗವೂ ಮರೆಯಾಗುತ್ತದೆ. ಕನ್ನಡದಲ್ಲಿ ಪ್ರಥಮ ಪುರುಷದ ಕ್ರಿಯಾಪದವೇ ‘ಬಂದನು, ಬಂದಳು, ಬಂದಿತು’ ಎಂದು ಅದನ್ನು ಹೊರಗೆಡಹುತ್ತದೆ. ಪಾತ್ರಗಳು ಮಗುವನ್ನು ಕರೆಯುವ ‘ಮಾನವ’ ಎಂಬ ಸಂಬೋಧನೆಯೂ ನಮ್ಮಲ್ಲಿ ಪುಲ್ಲಿಂಗವೇ. ‘ಅವರು’ ಲಿಂಗವನ್ನು ಮರೆಸುತ್ತದೆಯಾದರೂ ಮಗುವಿಗೆ ಅಸಹಜವಾದ ಗೌರವವನ್ನು ಹೊರಿಸುತ್ತದೆ. ‘ಮಗು’, ‘ಕೂಸು’ ಶಬ್ದಗಳು ನಪುಂಸಕಲಿಂಗದಲ್ಲಿರುವುದರಿಂದ ‘ಮಗು ಬಂದಿತು’ ಎನ್ನುವುದೇ ಸಹಜ. ಅಲ್ಲಿ ‘ಅದು’ ವಾತ್ಸಲ್ಯದ ಮಾತು. ಆದರೆ ಟೋರಿಯೆಲ್‌ಳನ್ನು ‘ಅದು’ ಎಂದರೆ ಅವಳು ಮಹದ್ವರ್ಗದಿಂದ ಅಮಹದ್ವರ್ಗಕ್ಕೆ, ವ್ಯಕ್ತಿತ್ವದಿಂದ ವಸ್ತುತ್ವಕ್ಕೆ ಇಳಿಯುತ್ತಾಳೆ. ಈ ಲೇಖನವೂ ಮೊದಲಿಗೆ ‘ಜೀವಿಗಳು ಬಂಧಿತವಾಗಿವೆ’ ಎಂದು, ಪರಿಚಯವಾದ ಮೇಲೆ ‘ಅವಳು ಕರಗುತ್ತಾಳೆ’ ಎಂದು ಬರೆದಿದೆ. ‘ಅದು’ವಿನಿಂದ ‘ಅವಳು’ವಿಗೆ ಸಾಗುವ ಈ ಪಲ್ಲಟವೇ ಆಟದ ನೈತಿಕ ಪಯಣವೂ ಹೌದು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಲಿಂಗವನ್ನು ಮೂರಕ್ಕೇ ನಿಲ್ಲಿಸದೆ ಒಂಬತ್ತು ಬಗೆಯಾಗಿ ಹೇಳಿರುವುದು ಶಬ್ದಗಳನ್ನು ಕುರಿತೇ ಹೊರತು ವ್ಯಕ್ತಿಗಳನ್ನು ಕುರಿತಲ್ಲ. ಆದರೂ ಲಿಂಗವನ್ನು ಸರಳ ವಿಭಜನೆಯಾಗಿ ಕಾಣದ ವ್ಯಾಕರಣಪ್ರಜ್ಞೆ ನಮ್ಮಲ್ಲಿ ಹೊಸದಲ್ಲ.

೫. ಮಿತಿಗಳು ಮತ್ತು ಸಮಾರೋಪ

ಅಂಡೈನ್–ಆಲ್ಫಿಸ್‌ರ ಕಥೆ ಪೂರ್ಣವಾಗಿ ತೆರೆದುಕೊಳ್ಳುವುದು ಅಹಿಂಸೆಯ ದಾರಿಯಲ್ಲಿ ಮಾತ್ರ. ಕೊಲ್ಲುತ್ತ ಸಾಗುವವರಿಗೆ ಆ ಬದುಕುಗಳ ಬಹುಭಾಗ ಕಾಣುವುದೇ ಇಲ್ಲ. ಪ್ರಾತಿನಿಧ್ಯವನ್ನು ಹೀಗೆ ಆಡುವವರ ಸದ್ವರ್ತನೆಗೆ ಸಿಗುವ ಬಹುಮಾನವಾಗಿಸುವುದು ಸರಿಯೇ ಎಂದು ಆಕ್ಷೇಪಿಸಬಹುದು. ಆದರೆ ಕೊಲ್ಲುವವರು ಕಳೆದುಕೊಳ್ಳುವುದು ಈ ಪ್ರೇಮವೊಂದನ್ನೇ ಅಲ್ಲ, ಎಲ್ಲ ಪಾತ್ರಗಳ ಒಳಬದುಕನ್ನೂ ಕಳೆದುಕೊಳ್ಳುತ್ತಾರೆ. ಇನ್ನೊಬ್ಬರ ಕಥೆಯನ್ನು ತಿಳಿಯಬೇಕಾದರೆ ಮೊದಲು ಅವರನ್ನು ಬದುಕಗೊಡಬೇಕು ಎಂಬುದು ಇಡೀ ರಚನೆಯ ನಿಯಮ. ಭಿನ್ನ ಲೈಂಗಿಕತೆಯ ಪಾತ್ರಗಳು ಅದಕ್ಕೆ ಹೊರತಲ್ಲ.

ಆದುದರಿಂದ ಇಂಥ ಪಠ್ಯಗಳ ಪ್ರಾತಿನಿಧ್ಯವನ್ನು ಅಳೆಯುವಾಗ ಪಾತ್ರಗಳ ಎಣಿಕೆಯಷ್ಟೇ ಸಾಲದು. ಯಾವ ನಿಯಮದಡಿ ಅವರು ಬದುಕುತ್ತಾರೆ, ಯಾವ ಸರ್ವನಾಮದಿಂದ ಕರೆಸಿಕೊಳ್ಳುತ್ತಾರೆ ಎಂಬುದನ್ನೂ ನೋಡಬೇಕಾಗುತ್ತದೆ. ಎರಡನೆಯದು ಭಾಷಾವಿಭಾಗಗಳ ಕೆಲಸವೇ ಆಗಿರುವುದರಿಂದ, ಕನ್ನಡದ ಲಿಂಗ–ವಚನ ವ್ಯವಸ್ಥೆಯನ್ನು ಬಲ್ಲವರು ಈ ಕ್ಷೇತ್ರವನ್ನು ತಂತ್ರಜ್ಞರಿಗಷ್ಟೇ ಬಿಟ್ಟುಕೊಡಬೇಕಾಗಿಲ್ಲ.